ಹಿರಿಯರೊಡನೆ ವಯನಾಡಿನಲ್ಲಿ ಒಂದು ದಿನ

ಮಕ್ಕಳ ರಜೆ ಸಮೀಪಿಸಿದಾಗ ಗಡಿನಾಡಿನ ಮನೆಗಳಲ್ಲಿ ಪ್ರವಾಸದ ಮಾತು ಮೊಳೆಯುವುದು ವಾಡಿಕೆ. ಎಲ್ಲಿಗೆ, ಎಷ್ಟು ದಿನ, ಎಷ್ಟು ಖರ್ಚು ಎಂಬ ಮೂರು ಪ್ರಶ್ನೆಗಳು ಇತ್ಯರ್ಥವಾದ ಮೇಲೆ ನಾಲ್ಕನೆಯದಾಗಿ ಏಳುವ ಪ್ರಶ್ನೆಯೆಂದರೆ, ಮನೆಯ ಹಿರಿಯರು ಬರುತ್ತಾರೆಯೇ ಎಂಬುದು. ಅದಕ್ಕೆ ಉತ್ತರವೂ ಬಹುತೇಕ ಸಿದ್ಧವಾಗಿಯೇ ಇರುತ್ತದೆ. ‘ನೀವು ಹೋಗಿ ಬನ್ನಿ, ಮನೆಗೆ ಒಬ್ಬರು ಬೇಕಲ್ಲ’ ಎಂದು ಅಜ್ಜಿ ಹೇಳುತ್ತಾರೆ. ‘ನನಗೆ ಅದೆಲ್ಲ ನೋಡಿ ಆಗಿದೆ’ ಎಂದು ಅಜ್ಜ ಹೇಳುತ್ತಾರೆ. ಕೇಳಿದವರಿಗೆ ಕೇಳಿದ ಸಮಾಧಾನ, ಹೇಳಿದವರಿಗೆ ಯಾರಿಗೂ ಹೊರೆಯಾಗಲಿಲ್ಲವೆಂಬ ಸಮಾಧಾನ. ಹೀಗೆ ಎರಡೂ ಕಡೆಯವರು ಒಪ್ಪಿದಂತೆ ತೋರುವ ಒಂದು ಒಡಂಬಡಿಕೆ ಪ್ರತಿವರ್ಷ ಸದ್ದಿಲ್ಲದೆ ನವೀಕರಣಗೊಳ್ಳುತ್ತದೆ.

ಆದರೆ ಸಂಕೋಚದಿಂದ ಹುಟ್ಟಿದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವುದು ಕಷ್ಟ. 2007ರಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಅರುವತ್ತು ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸುತ್ತದೆ. ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆ ಒಳಗೊಂಡದ್ದು ಎಂದು ಅದು ಹೇಳುತ್ತದೆ. ಅದೇ ಕಾಯಿದೆಯ ನಾಲ್ಕನೆಯ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದಿಟ್ಟು, ತಂದೆ ತಾಯಿ ಸಾಮಾನ್ಯ ಜೀವನವನ್ನು ನಡೆಸುವಂತೆ ಅವರ ಅಗತ್ಯಗಳನ್ನು ಪೂರೈಸುವುದು ಮಕ್ಕಳ ಹೊಣೆ ಎಂದು ವಿಧಿಸುತ್ತದೆ. ಸಾಮಾನ್ಯ ಜೀವನ ಎಂಬ ಈ ಎರಡು ಪದಗಳು ನೋಡಲು ಸಣ್ಣವು. ಅದರೊಳಗೆ ಅನ್ನವಿದೆ, ಔಷಧಿಯಿದೆ. ಒಂದು ಬೆಟ್ಟವನ್ನು ನೋಡುವ ಆಸೆಗೂ ಅದರೊಳಗೆ ಜಾಗವಿದೆಯೇ? ಯಾವ ನ್ಯಾಯಮಂಡಳಿಯ ಮುಂದೆಯೂ ಯಾವ ತಾಯಿಯೂ ಈ ಪ್ರಶ್ನೆಯನ್ನು ಎತ್ತಲಾರಳು. ಆದುದರಿಂದ ಇದನ್ನು ಮನೆಯ ಜಗಲಿಯಲ್ಲೇ ತೀರ್ಮಾನಿಸಬೇಕಾಗುತ್ತದೆ.

ಕಾಸರಗೋಡಿನ ಕಡೆಯ ಅಂಥದೊಂದು ಮನೆಯಲ್ಲಿ ಡಿಸೆಂಬರಿನ ಕ್ರಿಸ್ಮಸ್ ರಜೆಗೆ ವಯನಾಡಿನ ಪ್ರವಾಸ ನಿಶ್ಚಯವಾಯಿತು. ಅಜ್ಜ ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಅಧ್ಯಾಪಕರು, ವಯಸ್ಸು ಎಪ್ಪತ್ತೊಂಬತ್ತು. ಅಜ್ಜಿಗೆ ಎಪ್ಪತ್ತನಾಲ್ಕು, ಎರಡೂ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಈ ಬಾರಿ ಯೋಜನೆಯ ಹೊಣೆಯನ್ನು ಒಂಬತ್ತನೆಯ ತರಗತಿಯ ಮೊಮ್ಮಗಳು ವಹಿಸಿಕೊಂಡಳು. ಅವಳು ಒಂದು ನೋಟ್ ಪುಸ್ತಕದಲ್ಲಿ ಸ್ಥಳಗಳ ಹೆಸರನ್ನು ಬರೆದು, ಪ್ರತಿಯೊಂದರ ಮುಂದೆ ನಾಲ್ಕು ಕಲಂ ಎಳೆದಳು: ಮೆಟ್ಟಿಲು ಎಷ್ಟು, ನೆರಳು ಇದೆಯೇ, ಶೌಚಾಲಯ ಎಷ್ಟು ದೂರ, ಕುಳಿತುಕೊಳ್ಳಲು ಏನಿದೆ. ಪ್ರವಾಸಿ ಕೈಪಿಡಿಗಳು ಎತ್ತರ, ವಿಸ್ತೀರ್ಣ, ಐತಿಹ್ಯ ಎಲ್ಲವನ್ನೂ ಹೇಳುತ್ತವೆ. ಈ ನಾಲ್ಕನ್ನು ಮಾತ್ರ ಹೇಳುವುದಿಲ್ಲ. ಆದರೆ ಮಂಡಿನೋವಿನ ಹಿರಿಯರಿಗೆ ಒಂದು ತಾಣ ಇದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಈ ನಾಲ್ಕೇ.

ಮೊದಲನೆಯ ಲೆಕ್ಕ ದೂರದ್ದು. ವಯನಾಡಿಗೆ ರೈಲು ಇಲ್ಲ. ಕೇರಳದ ಕರಾವಳಿಯಿಂದ ಹೋಗುವವರು ಯಾವುದಾದರೊಂದು ಘಾಟಿಯನ್ನು ಏರಲೇಬೇಕು. ಕೋಝಿಕ್ಕೋಡಿನಿಂದ ಒಂಬತ್ತು ಕಡಿದಾದ ತಿರುವುಗಳ ತಾಮರಶ್ಶೇರಿ ಘಾಟಿ, ವಡಗರ ಕಡೆಯಿಂದ ಕುಟ್ಯಾಡಿ ಘಾಟಿ, ಕಣ್ಣೂರಿನ ಕಡೆಯಿಂದ ಕೊಟ್ಟಿಯೂರಿನ ಪಾಲ್ ಚುರಂ ಮತ್ತು ನೆಡುಂಪೊಯಿಲಿನಿಂದ ಪೆರಿಯಕ್ಕೆ ಏರುವ ಘಾಟಿ. ಕಾಸರಗೋಡಿನವರಿಗೆ ಸಹಜವಾದ ದಾರಿ ಇದರಲ್ಲಿ ಕೊನೆಯದು: ಕಣ್ಣೂರು, ಕೂತುಪರಂಬ, ನೆಡುಂಪೊಯಿಲ್, ಪೆರಿಯ, ಮಾನಂದವಾಡಿ. ಅಲ್ಲಿಂದ ಪನಮರಂ ಮೂಲಕ ಜಿಲ್ಲಾ ಕೇಂದ್ರವಾದ ಕಲ್ಪೆಟ್ಟಕ್ಕೆ ತಲುಪುವಾಗ ಒಟ್ಟು ಸುಮಾರು 200 ಕಿಲೋಮೀಟರ್ ಆಗುತ್ತದೆ. ಬೆಳಗ್ಗೆ ಹೊರಟು, ನೋಡಿ, ರಾತ್ರಿ ಮನೆಗೆ ಮರಳುವ ಸಾಹಸ ಯುವಕರಿಗೆ ಒಗ್ಗಬಹುದು. ಹಿರಿಯರನ್ನು ಕೂರಿಸಿಕೊಂಡು ಅದನ್ನು ಮಾಡುವುದು ಪ್ರವಾಸವಲ್ಲ, ಸಾಗಾಟ. ಆದಕಾರಣ ಆ ಮನೆಯವರು ಪ್ರಯಾಣಕ್ಕೆ ಒಂದು ದಿನ, ನೋಡುವುದಕ್ಕೆ ಒಂದು ದಿನ, ಮರಳುವುದಕ್ಕೆ ಒಂದು ದಿನ ಎಂದು ನಿಶ್ಚಯಿಸಿದರು. ಕಲ್ಪೆಟ್ಟದಲ್ಲಿ ನೆಲ ಅಂತಸ್ತಿನ ಕೋಣೆಯನ್ನೇ ಕೇಳಿ ಗೊತ್ತುಮಾಡಿದರು. ಲಿಫ್ಟ್ ಇದೆ ಎಂಬ ಭರವಸೆ ವಿದ್ಯುತ್ ಇರುವವರೆಗೆ ಮಾತ್ರ.

ಘಾಟಿಯ ತಿರುವುಗಳಲ್ಲಿ ತಲೆ ಸುತ್ತುವುದು, ಹೊಟ್ಟೆ ತೊಳಸುವುದು ಹಿರಿಯರಿಗೂ ಮಕ್ಕಳಿಗೂ ಸಮಾನ. ಕಣ್ಣು ಕಾಣುವ ಚಲನೆಗೂ ಒಳಕಿವಿ ಅನುಭವಿಸುವ ಚಲನೆಗೂ ಹೊಂದಿಕೆ ತಪ್ಪುವುದೇ ಇದಕ್ಕೆ ಕಾರಣ. ಮುಂದಿನ ಆಸನದಲ್ಲಿ ಕುಳಿತು ದೂರದ ದಾರಿಯನ್ನೇ ನೋಡುತ್ತಿದ್ದರೆ ತೊಂದರೆ ಕಡಿಮೆ. ಹೀಗಾಗಿ ಚಾಲಕನ ಪಕ್ಕದ ಆಸನ ಮನೆಯ ಯಜಮಾನನ ಪೀಠವಾಗಬೇಕಿಲ್ಲ. ಅದು ಹೆಚ್ಚು ತೊಂದರೆಪಡುವವರಿಗೆ ಸಲ್ಲಬೇಕು. ಆ ಮನೆಯಲ್ಲಿ ಅದು ಅಜ್ಜಿಗೆ ಸಂದಿತು. ಹಿಂದಿನ ಆಸನದಲ್ಲಿ ಕುಳಿತವರೂ ಸೀಟ್ ಬೆಲ್ಟ್ ಕಟ್ಟಿಕೊಳ್ಳುವುದು ಕಡ್ಡಾಯವೆಂದು ಮೋಟಾರು ವಾಹನ ನಿಯಮಗಳು ಹೇಳುತ್ತವೆ. ತಿರುವಿನ ರಸ್ತೆಯಲ್ಲಿ ಅದು ಮೈ ಓಲಾಡದಂತೆ ಹಿಡಿದಿಡುವ ಕೈಯೂ ಹೌದು. ಕಡಿದಾದ ಬೆಟ್ಟದ ರಸ್ತೆಯಲ್ಲಿ ಎರಡು ವಾಹನಗಳು ಸರಾಗವಾಗಿ ಹಾಯಲಾರದಲ್ಲಿ ಮೇಲೇರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬ ನಿಯಮವೂ ಇದೆ. ಪ್ರವಾಸದ ಚಾಲಕನಿಗೆ ಇದನ್ನು ಮೊದಲೇ ನೆನಪಿಸುವುದರಲ್ಲಿ ತಪ್ಪಿಲ್ಲ. ಹತ್ತಿಳಿಯಲು ಎತ್ತರದ ವಾಹನವಾದರೆ ಒಂದು ಗಟ್ಟಿಯಾದ ಮಣೆ ಜೊತೆಗಿರಬೇಕು. ಅಜ್ಜಿಯ ಮನೆಯವರು ಅಡುಗೆಮನೆಯ ಮಣೆಯನ್ನೇ ಕೊಂಡೊಯ್ದರು.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳದಂಥದು. ಪ್ರಯಾಣದ ದಿನ ಅನೇಕ ಹಿರಿಯರು, ವಿಶೇಷವಾಗಿ ಹೆಂಗಸರು, ನೀರು ಕುಡಿಯುವುದನ್ನೇ ನಿಲ್ಲಿಸಿಬಿಡುತ್ತಾರೆ. ದಾರಿಯಲ್ಲಿ ವಾಹನ ನಿಲ್ಲಿಸೆಂದು ಕೇಳುವ ಸಂಕೋಚಕ್ಕಿಂತ ಬಾಯಾರಿಕೆ ಅವರಿಗೆ ಸಹ್ಯ. ಮೂತ್ರವರ್ಧಕ ಮಾತ್ರೆ ತೆಗೆದುಕೊಳ್ಳುವವರು ಆ ದಿನ ಯಾರಿಗೂ ಹೇಳದೆ ಅದನ್ನು ಬಿಟ್ಟುಬಿಡುವುದೂ ಉಂಟು. ಎರಡೂ ಅಪಾಯಕರ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ಹೊರಡುವ ವಾರ ಮೊದಲೇ ವೈದ್ಯರನ್ನು ಕೇಳಿ ತಿಳಿಯಬೇಕು. ಇನ್ನು ಸಂಕೋಚಕ್ಕೆ ಮದ್ದು ಒಂದೇ: ಕೇಳುವ ಅಗತ್ಯವೇ ಬಾರದಂತೆ ಒಂದೂವರೆ ಗಂಟೆಗೊಮ್ಮೆ ವಾಹನ ತಾನಾಗಿ ನಿಲ್ಲಬೇಕು, ಮೊದಲು ಇಳಿಯುವವರು ಕಿರಿಯರಾಗಿರಬೇಕು. ಮೊಮ್ಮಗಳು ಪ್ರತಿ ನಿಲುಗಡೆಯಲ್ಲೂ ‘ನನಗೆ ಹೋಗಬೇಕು’ ಎಂದು ಮುಂದಾಗಿ ಇಳಿದಳು. ಅಜ್ಜಿ ಅವಳ ಜೊತೆಗೆ ಹೋದರು. ಮಲಯಾಳದ ಫಲಕಗಳನ್ನು ಓದಲು ಬಾರದ ಅಜ್ಜಿಗೆ ಓದಿ ಹೇಳುವವಳೂ ಅವಳೇ. ಕನ್ನಡವೊಂದನ್ನೇ ಕಲಿತ ತಲೆಮಾರಿನವರು ಘಾಟಿ ಹತ್ತಿದೊಡನೆ ತಮ್ಮದೇ ರಾಜ್ಯದಲ್ಲಿ ನಿರಕ್ಷರರಾಗುತ್ತಾರೆಂಬುದನ್ನು ಅವರ ಮಕ್ಕಳು ಮರೆಯಬಾರದು.

ನೋಡುವ ದಿನದ ಪಟ್ಟಿಯಲ್ಲಿ ಮೊದಲು ಒಂಬತ್ತು ಸ್ಥಳಗಳಿದ್ದವು. ನಾಲ್ಕು ಕಲಂಗಳ ಪರೀಕ್ಷೆಯಲ್ಲಿ ಒಂದೊಂದಾಗಿ ಬಿದ್ದುಹೋದವು. 2,100 ಮೀಟರಿನ ಚೆಂಬ್ರ ಶಿಖರ ಚಾರಣಿಗರದ್ದು. ಅದನ್ನು ಮೆಪ್ಪಾಡಿಯ ಚಹಾ ತೋಟಗಳ ನಡುವಿನ ರಸ್ತೆಯಿಂದ ನೋಡಿದರೂ ನೋಡಿದಂತೆಯೇ. ಜಲಪಾತಗಳೆಲ್ಲ ಜಾರುವ ಬಂಡೆಯ ದಾರಿಗಳು. ಹೆಚ್ಚು ಚರ್ಚೆಯಾದದ್ದು ಎಡಕ್ಕಲ್ ಗುಹೆ. ಅಂಬುಕುತ್ತಿ ಬೆಟ್ಟದಲ್ಲಿ ಸುಮಾರು 1,200 ಮೀಟರ್ ಎತ್ತರದಲ್ಲಿರುವ ಈ ಬಂಡೆಯ ಸಂದನ್ನು 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಹೊರಜಗತ್ತಿಗೆ ಪರಿಚಯಿಸಿದನು. ಗೋಡೆಗಳ ಮೇಲೆ ನವಶಿಲಾಯುಗದವೆಂದು ಹೇಳಲಾಗುವ ಮನುಷ್ಯರ, ಪ್ರಾಣಿಗಳ, ಚಿಹ್ನೆಗಳ ಕೆತ್ತನೆಗಳಿವೆ. ಅಧ್ಯಾಪಕರಾಗಿದ್ದ ಅಜ್ಜನಿಗೆ ಅದನ್ನು ನೋಡುವ ಆಸೆ ದೊಡ್ಡದು. ಆದರೆ ಅಲ್ಲಿಗೆ ಏರುರಸ್ತೆಯ ನಡಿಗೆ, ಆಮೇಲೆ ಕಡಿದಾದ ನೂರಾರು ಮೆಟ್ಟಿಲುಗಳು. ‘ನೀವೆಲ್ಲ ಹತ್ತಿ ಬನ್ನಿ, ನಾವು ಕೆಳಗೆ ಕಾರಿನಲ್ಲಿ ಕೂತಿರುತ್ತೇವೆ’ ಎಂದು ಅಜ್ಜಿ ಹೇಳಿದರು.

ಇಲ್ಲಿಯೇ ಹೆಚ್ಚಿನ ಪ್ರವಾಸಗಳು ಎರಡಾಗಿ ಒಡೆಯುತ್ತವೆ. ಮೇಲಕ್ಕೆ ಹೋದವರಿಗೆ ಒಂದು ಪ್ರವಾಸ, ಬಿಸಿಲಲ್ಲಿ ನಿಂತ ಕಾರಿನೊಳಗೆ ಚೀಲಗಳ ಕಾವಲಿಗೆ ಕುಳಿತವರಿಗೆ ಇನ್ನೊಂದು. ಹಿಂದಿರುಗಿದ ಮೇಲೆ ತೋರಿಸಲು ನೂರು ಚಿತ್ರಗಳಿರುತ್ತವೆ. ಅವುಗಳಲ್ಲಿ ಹಿರಿಯರು ಇರುವುದು ಊಟದ ಮೇಜಿನ ಚಿತ್ರದಲ್ಲಿ ಮಾತ್ರ. ಆ ಮನೆಯವರು ಎಡಕ್ಕಲನ್ನು ಪಟ್ಟಿಯಿಂದ ತೆಗೆದರು. ಕಿರಿಯರು ಮುಂದೆ ಗೆಳೆಯರೊಡನೆ ಬಂದು ಎಷ್ಟು ಬಾರಿಯಾದರೂ ಹತ್ತಬಹುದು. ಅದನ್ನು ಬಿಡಲಾಗದವರಿಗೆ ಇನ್ನೊಂದು ಮಾರ್ಗವುಂಟು: ಸಮೀಪದ ಅಂಬಲವಯಲಿನಲ್ಲಿ ವಯನಾಡು ಪಾರಂಪರಿಕ ವಸ್ತುಸಂಗ್ರಹಾಲಯವಿದೆ. ಈ ನಾಡಿನ ಹಳೆಯ ಶಿಲ್ಪಗಳು, ವೀರಗಲ್ಲುಗಳು, ಬುಡಕಟ್ಟು ಜನರ ಬಳಕೆಯ ವಸ್ತುಗಳು ಅಲ್ಲಿವೆ. ಒಬ್ಬರು ಹಿರಿಯರ ಜೊತೆಗೆ ಅಲ್ಲಿದ್ದು, ಉಳಿದವರು ಗುಹೆ ಹತ್ತಿ ಬಂದರೆ ಇಬ್ಬರಿಗೂ ಹೇಳಿಕೊಳ್ಳಲು ಕಥೆ ಇರುತ್ತದೆ.

ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಮೂರು: ಲಕ್ಕಿಡಿ, ಪೂಕೋಡು ಸರೋವರ, ಸುಲ್ತಾನ್ ಬತ್ತೇರಿಯ ಜೈನ ಬಸದಿ. ಕಲ್ಪೆಟ್ಟದಿಂದ ಲಕ್ಕಿಡಿಗೆ ಸುಮಾರು 16 ಕಿಲೋಮೀಟರ್, ಬತ್ತೇರಿಗೆ ಇನ್ನೊಂದು ದಿಕ್ಕಿನಲ್ಲಿ ಸುಮಾರು 24. ಎರಡಕ್ಕೂ ರಾಷ್ಟ್ರೀಯ ಹೆದ್ದಾರಿ 766ರ ದಾರಿಯೇ. ಬೆಳಗ್ಗೆ ಒಂದು ಕಡೆ ಹೋಗಿ ಮಧ್ಯಾಹ್ನ ಕೋಣೆಗೆ ಮರಳಿ, ಊಟ ಮಾಡಿ, ಒಂದು ಗಂಟೆ ಮೈಚಾಚಿ ಮಲಗಿ, ಅಪರಾಹ್ನ ಇನ್ನೊಂದು ಕಡೆ ಹೋದರೆ ಇಡೀ ದಿನದ ಓಡಾಟ 80 ಕಿಲೋಮೀಟರಿನಲ್ಲಿ ಮುಗಿಯುತ್ತದೆ. ನಡುಹಗಲಿನ ಆ ನಿದ್ದೆಯೇ ಯೋಜನೆಯ ಬೆನ್ನೆಲುಬು. ಸಕ್ಕರೆ ಕಾಯಿಲೆಯವರಿಗೆ ಊಟದ ಹೊತ್ತು ತಪ್ಪುವುದಿಲ್ಲ. ಮೊಣಕಾಲಿಗೆ ವಿಶ್ರಾಂತಿ ಸಿಗುತ್ತದೆ. ಕತ್ತಲೆಗೆ ಮೊದಲೇ ಮರಳಲು ಸಾಧ್ಯವಾಗುತ್ತದೆ.

ಲಕ್ಕಿಡಿಯು ತಾಮರಶ್ಶೇರಿ ಘಾಟಿಯ ನೆತ್ತಿ. ಕಲ್ಪೆಟ್ಟದ ಕಡೆಯಿಂದ ಬಂದವರು ಒಂಬತ್ತು ತಿರುವುಗಳಲ್ಲಿ ಒಂದನ್ನೂ ಇಳಿಯದೆ ಅವುಗಳ ನೋಟವನ್ನು ಮೇಲಿನಿಂದಲೇ ಪಡೆಯಬಹುದು. ಬೆಳಗಿನ ಮಂಜು ಕಣಿವೆಯಿಂದ ಏಳುತ್ತಿರುವಾಗ ಅಲ್ಲಿ ಹತ್ತು ನಿಮಿಷ ಸಾಕು. ವಾಹನಗಳ ದಟ್ಟಣೆಯೂ ಮಂಗಗಳ ಹಾವಳಿಯೂ ಇರುವುದರಿಂದ ಹಿರಿಯರನ್ನು ರಸ್ತೆ ದಾಟಿಸುವ ಪ್ರಯತ್ನ ಬೇಡ. ತುಸು ದೂರದಲ್ಲಿ ಹೆದ್ದಾರಿಯ ಬದಿಯಲ್ಲೇ ಸರಪಳಿ ಕಟ್ಟಿದ ಮರವಿದೆ. ಕಾರಿನ ಕಿಟಕಿಯಿಂದಲೇ ಕಾಣುತ್ತದೆ. ಘಾಟಿಯ ದಾರಿಯನ್ನು ಇಂಗ್ಲಿಷ್ ಎಂಜಿನಿಯರನಿಗೆ ತೋರಿಸಿಕೊಟ್ಟ ಪಣಿಯ ಬುಡಕಟ್ಟಿನ ಕರಿಂತಂಡನ್ ಎಂಬವನನ್ನು, ಕೀರ್ತಿ ತನ್ನದಾಗಲೆಂದು ಆ ಎಂಜಿನಿಯರನೇ ಕೊಂದನೆಂದೂ, ಅಲೆದಾಡುತ್ತಿದ್ದ ಅವನ ಪ್ರೇತವನ್ನು ಮಾಂತ್ರಿಕನೊಬ್ಬನು ಈ ಮರಕ್ಕೆ ಬಿಗಿದನೆಂದೂ ಐತಿಹ್ಯ. ದಾರಿ ತೋರಿದವರನ್ನು ದಾರಿಯಲ್ಲೇ ಬಿಟ್ಟುಹೋದ ಕಥೆಯಿದು. ಅಜ್ಜ ಅದನ್ನು ಮೊಮ್ಮಕ್ಕಳಿಗೆ ಹೇಳಿದರು. ಬೇರೆ ವ್ಯಾಖ್ಯಾನವನ್ನೇನೂ ಸೇರಿಸಲಿಲ್ಲ.

ಲಕ್ಕಿಡಿಯ ಇನ್ನೊಂದು ವಿಶೇಷ ಕಣ್ಣಿಗೆ ಕಾಣುವಂಥದಲ್ಲ. ಅಲ್ಲಿನ ಅಂಚಿನಿಂದ ಪಶ್ಚಿಮಕ್ಕೆ ಜಾರಿದ ಮಳೆನೀರು ಕೆಲವೇ ಗಂಟೆಗಳ ದೂರದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ತುಸು ಪೂರ್ವಕ್ಕಿರುವ ಪೂಕೋಡು ಸರೋವರದಿಂದ ಹೊರಟ ತೊರೆ ಪನಮರಂ ಹೊಳೆಯಾಗಿ, ಮಾನಂದವಾಡಿ ಹೊಳೆಯೊಡನೆ ಕೂಡಿ ಕಬಿನಿಯಾಗುತ್ತದೆ. ಕೇರಳದಲ್ಲಿ ಪೂರ್ವಕ್ಕೆ ಹರಿಯುವ ನದಿಗಳು ಮೂರೇ: ಕಬಿನಿ, ಭವಾನಿ, ಪಾಂಬಾರ್. ಕಬಿನಿಯು ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ನಡೆಯುತ್ತದೆ. ಮೈಸೂರಿನ ಗದ್ದೆಗಳಿಗೆ ಹರಿಯುವ ನೀರಿನ ಒಂದು ಕಣ್ಣು ಇಲ್ಲಿದೆ. ಪೂಕೋಡು ಒಂದು ಸಣ್ಣ ಸಿಹಿನೀರಿನ ಸರೋವರ. ಸುತ್ತಲೂ ಕಾಡು, ನೀರಿನಲ್ಲಿ ನೈದಿಲೆ, ದಡದಲ್ಲಿ ಸುತ್ತುದಾರಿ. ಸುತ್ತುದಾರಿಯನ್ನು ಪೂರ್ತಿ ನಡೆಯಬೇಕೆಂಬ ಹಟ ಬೇಡ. ದೋಣಿಯನ್ನು ಹತ್ತುವಾಗ ಅದು ಅಲುಗುವುದರಿಂದ ಮಂಡಿ ದುರ್ಬಲರಾದವರು ಯೋಚಿಸಿ ಹತ್ತಬೇಕು. ಅಜ್ಜಿ ಹತ್ತಲಿಲ್ಲ. ಮಡಚುವ ಕುರ್ಚಿಯನ್ನು ನೆರಳಿನಲ್ಲಿ ಹಾಕಿಸಿಕೊಂಡು ಮುಕ್ಕಾಲು ಗಂಟೆ ನೀರನ್ನು ನೋಡುತ್ತ ಕುಳಿತರು. ಅವರೊಡನೆ ಸೊಸೆಯೂ ಕುಳಿತಳು. ಒಬ್ಬರೇ ಕುಳಿತರೆ ಅದು ಕಾಯುವುದು. ಜೊತೆಗೊಬ್ಬರಿದ್ದರೆ ಅದು ನೋಡುವುದು.

ಅಪರಾಹ್ನದ ಬತ್ತೇರಿ ಅಜ್ಜನ ಪಾಲಿನದು. ಗಣಪತಿವಟ್ಟಂ ಎಂದಿದ್ದ ಊರಿಗೆ ಸುಲ್ತಾನ್ ಬತ್ತೇರಿ ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನನು ಅಲ್ಲಿಯ ಜೈನ ಬಸದಿಯನ್ನು ಮದ್ದುಗುಂಡುಗಳ ಉಗ್ರಾಣವನ್ನಾಗಿ ಬಳಸಿದ ಮೇಲೆ. ವಿಜಯನಗರ ಶೈಲಿಯ ಈ ಕಲ್ಲಿನ ಕಟ್ಟಡ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಹೆದ್ದಾರಿಗೆ ಅಂಟಿಕೊಂಡಿದೆ, ಏರಬೇಕಾದ ಬೆಟ್ಟವಿಲ್ಲ. ಒಳಗೆ ಹೋಗಲಾರದವರಿಗೂ ಅಂಗಳದಿಂದ ಕಂಬಗಳ ಸಾಲು ಕಾಣುತ್ತದೆ. ಕನ್ನಡನಾಡಿನಿಂದ ಬಂದು ನೆಲೆಸಿದ ಜೈನರು ವಯನಾಡಿನಲ್ಲಿ ಶತಮಾನಗಳಿಂದ ಇದ್ದಾರೆ; ಕಲ್ಪೆಟ್ಟದ ಸಮೀಪದ ಪುಳಿಯಾರ್ಮಲೆಯಲ್ಲಿ ಅವರ ಅನಂತನಾಥ ಸ್ವಾಮಿ ಬಸದಿ ಇದೆ. ಮಲಯಾಳದ ಪ್ರಸಿದ್ಧ ಲೇಖಕರೂ ಮಾತೃಭೂಮಿ ಪತ್ರಿಕೆಯ ಮುಖ್ಯಸ್ಥರೂ ಆಗಿದ್ದ ಎಂ. ಪಿ. ವೀರೇಂದ್ರ ಕುಮಾರ್ ಅವರು ಕಲ್ಪೆಟ್ಟದ ಜೈನ ಮನೆತನದಲ್ಲಿ 1936ರಲ್ಲಿ ಜನಿಸಿದವರು.

ಅಂಗಳದಲ್ಲಿ ಅಜ್ಜ ಒಂದು ಪಾಠವನ್ನೇ ನಡೆಸಿದರು. ವಯಲುಗಳ ನಾಡು ವಯನಾಡು ಎಂಬುದು ಹೆಸರಿನ ವಿವರಣೆಗಳಲ್ಲೊಂದು. ಮಲಯಾಳದ ವಯಲು ಎಂಬುದೇ ಕನ್ನಡದ ಬಯಲು. ವಕಾರ ಬಕಾರಗಳ ವ್ಯತ್ಯಾಸವಷ್ಟೆ. ಕನ್ನಡ ಶಾಸನಗಳಲ್ಲಿ ಈ ಸೀಮೆಗೆ ಬಯಲ್ನಾಡು ಎಂದೇ ಹೆಸರು. ಕದಂಬರ ಒಂದು ಶಾಖೆ ಅದನ್ನು ಆಳಿತ್ತು. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳಲ್ಲಿ ಅದೂ ಒಂದು. ಇಲ್ಲಿಯ ಕಾಡುಗಳಲ್ಲಿರುವ ಕಾಟ್ಟುನಾಯ್ಕರ ಮಾತು ಇಂದಿಗೂ ಕನ್ನಡಕ್ಕೆ ಹತ್ತಿರ. ನಾಲ್ಕು ದಶಕ ತರಗತಿಯಲ್ಲಿ ನಿಂತು ಪಾಠ ಹೇಳಿದವರಿಗೆ ನಿವೃತ್ತಿಯ ನಂತರ ಕೇಳುವವರು ಸಿಗುವುದು ಅಪರೂಪ. ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಇದೆ, ಮೊಬೈಲ್ ಇದೆ. ಅಜ್ಜನಿಗೆ ಹೊತ್ತಿದೆ, ಹೇಳಲು ವಿಷಯವಿದೆ, ಕೇಳುವ ಕಿವಿಯಿಲ್ಲ. ಕನ್ನಡ ಶಾಲೆಗಳಿಗೆ ಮಕ್ಕಳು ಬರುವುದು ಕಡಿಮೆಯಾಗುತ್ತಿದೆಯೆಂದು ವೇದಿಕೆಗಳಲ್ಲಿ ಕೊರಗುವವರು, ಮೂರು ತಲೆಮಾರುಗಳು ಎಂಟು ಗಂಟೆ ಒಂದೇ ವಾಹನದಲ್ಲಿ ಕುಳಿತು ಕನ್ನಡದಲ್ಲಿ ಮಾತಾಡುವ ಅವಕಾಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕೆ ಸರ್ಕಾರದ ಆದೇಶ ಬೇಡ. ಹಿರಿಯರಿಗೊಂದು ಆಸನ ಬೇಕು.

ಪಟ್ಟಿಯಲ್ಲಿ ಇಲ್ಲದ ಒಂದು ನಿಲುಗಡೆ ಮರುದಿನ ಮರಳುವ ದಾರಿಯಲ್ಲಿ ಬಂತು. ಯೋಜನೆ ಆರಂಭವಾದಾಗ ಮೊಮ್ಮಗಳು ಅಜ್ಜಿಯನ್ನು, ‘ನಿಮಗೆ ಏನು ನೋಡಬೇಕು?’ ಎಂದು ಕೇಳಿದ್ದಳು. ‘ನಿಮಗೆಲ್ಲ ಏನು ಇಷ್ಟವೋ ಅದೇ’ ಎಂಬ ಉತ್ತರ ಬಂದಿತ್ತು. ಅವಳು ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದೆ ಜಾಗ ಬಿಟ್ಟು, ಎರಡು ದಿನ ಕಳೆದು ಮತ್ತೆ ಕೇಳಿದಳು. ಆಗ ಅಜ್ಜಿ, ‘ಅಲ್ಲಿ ಇನ್ನೂ ಗದ್ದೆ ಇದೆಯಂತೆ, ಹೌದೋ?’ ಎಂದರು. ಹುಟ್ಟಿದ ಮನೆಯಲ್ಲಿ ಎರಡು ಬೆಳೆಯ ಗದ್ದೆಯಿದ್ದವರು ಅವರು; ಮದುವೆಯಾಗಿ ಬಂದ ಮನೆಯ ಎದುರಿನ ಗದ್ದೆಯೂ ಕಂಗಿನ ತೋಟವಾಗಿ, ಆಮೇಲೆ ಮನೆಯ ನಿವೇಶನಗಳಾಗಿ ಹೋಗಿತ್ತು. ವಯನಾಡಿನ ತಗ್ಗುಗಳಲ್ಲಿ ನಂಜ ಎಂಬ ಬೆಳೆಯ ಕೊಯ್ಲು ಡಿಸೆಂಬರ್, ಜನವರಿಯಲ್ಲಿ. ಗಂಧಕಶಾಲ, ಜೀರಕಶಾಲ ಎಂಬ ಪರಿಮಳದ ಅಕ್ಕಿಗಳು ಇಲ್ಲಿಯವು. ಭೌಗೋಳಿಕ ಗುರುತಿನ ನೋಂದಣಿ ಪಡೆದವು. ಪನಮರಂ ಕಡೆಯ ರಸ್ತೆಯ ಪಕ್ಕದಲ್ಲಿ ವಾಹನ ನಿಲ್ಲಿಸಲು ಅಗಲವಾದ ಜಾಗ ನೋಡಿ ಕುರ್ಚಿ ಇಳಿಸಿದರು. ಅರ್ಧ ಕೊಯ್ದು ಅರ್ಧ ಉಳಿದ ಗದ್ದೆ. ಮೆಟ್ಟಿಲಿಲ್ಲ, ಟಿಕೆಟಿಲ್ಲ, ಫಲಕವಿಲ್ಲ. ಅಜ್ಜಿ ಕುರ್ಚಿಯಲ್ಲಿ ಕೂರಲಿಲ್ಲ. ಮೊಮ್ಮಗಳ ಭುಜ ಹಿಡಿದು ಬದುವಿನ ತುದಿಯವರೆಗೆ ನಡೆದು, ಒಂದು ತೆನೆಯನ್ನು ಕೈಯಲ್ಲಿ ಹಿಡಿದು ನೋಡಿ, ಕೀಳದೆ ಬಿಟ್ಟರು. ಕೊಯ್ಲಿನ ಹೆಂಗಸರೊಡನೆ ತಮಗೆ ಬಂದಷ್ಟು ಮಲಯಾಳದಲ್ಲಿ ಕೂಲಿಯೆಷ್ಟು, ಹುಲ್ಲಿಗೆಷ್ಟು ಎಂದು ವಿಚಾರಿಸಿದರು.

ಪ್ರವಾಸದಲ್ಲಿ ಬೇಡವೆಂದದ್ದು ಇನ್ನೊಂದಿದೆ. ಮೆಪ್ಪಾಡಿಯ ಆಚೆ ಮುಂಡಕ್ಕೈ, ಚೂರಲ್ಮಲೆ ಪ್ರದೇಶದಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು 200ಕ್ಕಿಂತಲೂ ಹೆಚ್ಚು ಜನ ಮಡಿದರು. ಅದಕ್ಕೆ ಐದು ವರ್ಷ ಹಿಂದೆ, 2019ರ ಆಗಸ್ಟಿನಲ್ಲಿ, ಸಮೀಪದ ಪುತ್ತುಮಲೆಯೂ ಕುಸಿದಿತ್ತು. ಕೆಲವರಿಗೆ ಈಗ ಅದೂ ಒಂದು ನೋಡುವ ಸ್ಥಳ. ಚಾಲಕನು, ‘ಹತ್ತಿರವೇ ಇದೆ, ಹೋಗಿಬರೋಣವೇ?’ ಎಂದಾಗ ಅಜ್ಜ ಬೇಡವೆಂದರು. ವೆಳ್ಳಾರ್ಮಲೆಯ ಸರ್ಕಾರಿ ಶಾಲೆ ಅಲ್ಲಿತ್ತು. ಅದರ ಮಕ್ಕಳಲ್ಲಿ ಅನೇಕರು ಆ ರಾತ್ರಿ ಇಲ್ಲವಾದರು. ಉಳಿದವರ ತರಗತಿಗಳು ಮೆಪ್ಪಾಡಿಯಲ್ಲಿ ಮುಂದುವರಿದವು. ‘ಹಾಜರಿ ಪುಸ್ತಕದಲ್ಲಿ ಅಷ್ಟು ಹೆಸರು ಹೊಡೆದುಹಾಕಿದ ಶಾಲೆಯ ಮುಂದೆ ನಿಂತು ನಾವು ಏನು ನೋಡುವುದು?’ ಎಂದು ಅವರು ಕೇಳಿದರು. ದುಃಖದಲ್ಲಿರುವವರ ಮನೆಗೆ ಕೆಲಸವಿದ್ದರೆ ಹೋಗಬೇಕು, ಇಲ್ಲವಾದರೆ ದೂರದಿಂದಲೇ ಕೈಮುಗಿಯಬೇಕು ಎಂಬ ಹಳೆಯ ಮರ್ಯಾದೆಯನ್ನು ಆ ದಿನ ಕಿರಿಯರು ಯಾವ ಪಾಠಪುಸ್ತಕದ ಸಹಾಯವೂ ಇಲ್ಲದೆ ಕಲಿತರು.

ಆ ದುರಂತ ಯೋಜಕರಿಗೂ ಒಂದು ಮಾತನ್ನು ಹೇಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಿರಿಯರೊಡನೆ ವಯನಾಡು ಬೇಡ. ಹವಾಮಾನ ಇಲಾಖೆಯು ಕಿತ್ತಳೆ, ಕೆಂಪು ಎಚ್ಚರಿಕೆಯನ್ನು ನೀಡಿದ ದಿನ ಕಾಯ್ದಿರಿಸಿದ ಕೋಣೆಯ ಹಣ ಹೋದರೂ ಹೋಗಲಿ. ಅಕ್ಟೋಬರಿನ ಕೊನೆಯಿಂದ ಫೆಬ್ರವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ. ಸಂಜೆ ಚಳಿಗೆ ಶಾಲು, ಕಾಲುಚೀಲ ಬೇಕು. ಮುತ್ತಙ್ಙ, ತೋಲ್ಪೆಟ್ಟಿ ಕಡೆಗಳಲ್ಲಿ ರಸ್ತೆ ಕಾಡಿನ ನಡುವೆ ಸಾಗುವಾಗ ಆನೆ ಕಂಡರೂ ವಾಹನದಿಂದ ಇಳಿಯಬಾರದು. ಮೈಸೂರಿನ ಕಡೆಗೆ ಮುಂದುವರಿಯುವವರು ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ 2009ರಿಂದ ಸಂಚಾರ ನಿರ್ಬಂಧವಿರುವುದನ್ನು ನೆನಪಿಡಬೇಕು. ಔಷಧಿಗಳು ಡಿಕ್ಕಿಯ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಲಿ. ವೈದ್ಯರ ಚೀಟಿಯ ಒಂದು ಪ್ರತಿಯೂ ಇರಲಿ. ಮಾನಂದವಾಡಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ; ಆಂಬುಲೆನ್ಸಿಗೆ 108.

ಇಷ್ಟೆಲ್ಲ ಕುರ್ಚಿ, ಮಣೆಗಳನ್ನು ಮನೆಯಿಂದಲೇ ಹೊತ್ತೊಯ್ಯಬೇಕಾದದ್ದೇಕೆ ಎಂಬ ಪ್ರಶ್ನೆಯೂ ಉಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಾರ್ವಜನಿಕ ಕಟ್ಟಡಗಳೂ ಸೌಕರ್ಯಗಳೂ ಎಲ್ಲರಿಗೂ ಎಟಕುವಂತಿರಬೇಕೆಂದು ಹೇಳಿ, ಹಳೆಯ ಕಟ್ಟಡಗಳನ್ನು ತಿದ್ದಿಕೊಳ್ಳಲು ಐದು ವರ್ಷಗಳ ಗಡುವನ್ನೂ ಇಟ್ಟಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಈ ಮಾನದಂಡಗಳು ಕೇವಲ ಶಿಫಾರಸುಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ತೀರ್ಪಿತ್ತಿತು. ಕೈಹಿಡಿ, ಇಳಿಜಾರು, ಒಂದು ಬೆಂಚು, ಕೂತೇಳಬಹುದಾದ ಶೌಚಾಲಯ. ಇವು ದಯೆಯ ವಿಷಯಗಳಲ್ಲ. ಪ್ರವಾಸಿ ತಾಣದಲ್ಲಿ ಇವಿಲ್ಲದಿದ್ದರೆ ಅಲ್ಲಿಯ ಅಭಿಪ್ರಾಯ ಪುಸ್ತಕದಲ್ಲಿ ಎರಡು ಸಾಲು ಬರೆದು ಬರುವುದು ಹಿಂದೆ ಬರುವವರಿಗೆ ಮಾಡುವ ಉಪಕಾರ. ಮೊಮ್ಮಗಳು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು ಎಂದು ಬರೆದು ಬಂದಳು.

ಕಾನೂನು ದಾರಿಯನ್ನು ಸಮ ಮಾಡಬಲ್ಲುದು. ಜೊತೆಗೆ ಯಾರು ಕೂರಬೇಕೆಂದು ಅದು ಹೇಳಲಾರದು. ವಯಸ್ಸಾದವರ ಕಾಲಿಗೆ ಶಕ್ತಿ ಇರುವ ವರ್ಷಗಳು ರಜೆಯಂತೆ ಪ್ರತಿಬಾರಿಯೂ ಮರಳಿ ಬರುವುದಿಲ್ಲ. ಮೊಣಕಾಲಿನ ಚಿಕಿತ್ಸೆ ಆಗಲಿ, ಮಗುವಿನ ಪರೀಕ್ಷೆ ಮುಗಿಯಲಿ, ಹೆದ್ದಾರಿಯ ಕೆಲಸ ಪೂರ್ತಿಯಾಗಲಿ ಎಂದು ವಾಯಿದೆ ಪಡೆಯುತ್ತ ಹೋದರೆ ಒಂದು ದಿನ ವಾದಿಯೇ ಇರುವುದಿಲ್ಲ. ಮುಂದಿನ ರಜೆಗೆ ಯಾವ ಊರಿಗೆ ಹೋಗುವುದಿದ್ದರೂ ಸರಿ, ಮನೆಯ ಹಿರಿಯರನ್ನು ಏನು ನೋಡಬೇಕೆಂದು ಮೊದಲೇ ಕೇಳಿರಿ. ಬಂದ ಉತ್ತರವನ್ನು ನಂಬಿ ಪುಸ್ತಕ ಮುಚ್ಚಬೇಡಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿರಿ.